ವಾಸಂತಿಯಕ್ಕ ಬಿಡಿಸಿದ ಸೂರ್ಯ

ಫೌಝಿಯಾ ಟೀಚರಿಗೆ ಚಿತ್ರ ಬಿಡಿಸಲು ಬಾರದು. ಏಳನೇ ತರಗತಿಗೆ ಹೃದಯದ ಚಿತ್ರ ಹಾಕಿದರೆ ಮಕ್ಕಳು ಅದನ್ನು ಗೇರುಹಣ್ಣು ಎಂದು ನಗುತ್ತಿದ್ದರು. ಟೀಚರೂ ಜೊತೆಗೆ ನಗುತ್ತಿದ್ದರು. ವಿಜ್ಞಾನ ಚೆನ್ನಾಗಿ ಹೇಳಿಕೊಡುತ್ತಾರೆ ಎಂಬ ಹೆಸರಿದ್ದುದರಿಂದ ಆ ಕೊರತೆ ಅವರನ್ನು ಕಾಡಿರಲಿಲ್ಲ. ತೊಡಕಾದದ್ದು 2022ರ ನವೆಂಬರಿನಲ್ಲಿ, ಪುತ್ತೂರಿನ ಹವ್ಯಾಸಿ ಖಗೋಳ ಬಳಗದವರು ಶಾಲೆಗೆ ಒಂದು ಸಣ್ಣ ದೂರದರ್ಶಕ ಕೊಟ್ಟಾಗ.

ಬಳಗವನ್ನು ನಡೆಸುತ್ತಿದ್ದವರು ಉದಯ ಸರ್, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು. ಅವರು ಹಾಕಿದ್ದು ಒಂದೇ ಷರತ್ತು. ಬಿಸಿಲಿದ್ದ ದಿನವೆಲ್ಲ ಸೂರ್ಯನ ಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸಬೇಕು, ಅದರಲ್ಲಿ ಕಾಣುವ ಕಪ್ಪು ಕಲೆಗಳನ್ನು ಇದ್ದ ಜಾಗದಲ್ಲಿ ಇದ್ದ ಗಾತ್ರದಲ್ಲೇ ಪುಸ್ತಕಕ್ಕೆ ಇಳಿಸಬೇಕು, ತಿಂಗಳ ಕೊನೆಗೆ ಅದರ ಫೋಟೊ ಬಳಗಕ್ಕೆ ಕಳುಹಿಸಬೇಕು.

ಶಾಲೆ ಇದ್ದದ್ದು ಕಲ್ಲುಗುಂಡಿಯಿಂದ ಎರಡು ಕಿಲೋಮೀಟರ್ ಒಳಗೆ. ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಫೌಝಿಯಾ ಸುಳ್ಯದಿಂದ ಬೆಳಗಿನ ಬಸ್ಸಿನಲ್ಲಿ ಬಂದು ಇಳಿಯುವಷ್ಟರಲ್ಲಿ ಒಂಬತ್ತೂಕಾಲು. ಬಂದ ಕೂಡಲೇ ಹಾಜರಿ, ಮೊಟ್ಟೆ, ಹಾಲಿನ ಮಾಹಿತಿ ಎಂದು ಫೋನು ಹಿಡಿದು ಸಿಗ್ನಲ್ ಸಿಗುವ ಮೂಲೆ ಹುಡುಕಬೇಕು. ಮೊದಲ ವಾರ ಅವರು ಬಿಡಿಸಿದ ಸೂರ್ಯನಲ್ಲಿ ಕಲೆಗಳೆಲ್ಲ ಒಂದೇ ಗಾತ್ರದ ಸಾಸಿವೆ ಕಾಳಿನಂತಿದ್ದವು.

ಎಂಟನೆಯ ದಿನ ಅಂಗಳದಲ್ಲಿ ತರಕಾರಿ ತೊಳೆಯುತ್ತಿದ್ದ ವಾಸಂತಿ ಹತ್ತಿರ ಬಂದು, "ಟೀಚರ್, ಇದು ಇಲ್ಲಿ ಅಲ್ಲ, ಸ್ವಲ್ಪ ಕೆಳಗೆ. ಮತ್ತೆ ಇದಕ್ಕೆ ಬಾಲ ಉಂಟು, ನೀವು ಹಾಕ್ಲಿಲ್ಲ" ಎಂದರು.

ವಾಸಂತಿ ಬಿಸಿಯೂಟದ ಅಡುಗೆಯವರು. ವಯಸ್ಸು ನಲವತ್ತಾರು, ಓದಿದ್ದು ಏಳನೆಯವರೆಗೆ. ಅಡುಗೆಗೆ ಸೇರುವ ಮೊದಲು ಹದಿನೆಂಟು ವರ್ಷ ರಬ್ಬರ್ ಟ್ಯಾಪಿಂಗ್, ಎಂದರೆ ಮರದ ತೊಗಟೆ ಕೆತ್ತಿ ಹಾಲು ಇಳಿಸುವ ಕೆಲಸ, ಮಾಡಿದ್ದರು. ಕತ್ತಿ ಒಂದು ಕೂದಲಿನಷ್ಟು ಹೆಚ್ಚು ಇಳಿದರೆ ಮರಕ್ಕೆ ಗಾಯ, ಕಡಿಮೆಯಾದರೆ ಹಾಲಿಲ್ಲ. ಅಂಥ ಕೆಲಸದಲ್ಲಿ ಪಳಗಿದ ಕೈ. ಫೌಝಿಯಾ ಪೆನ್ಸಿಲ್ ಅವರ ಕೈಗೆ ಕೊಟ್ಟರು. ಬಿಂಬ ಮೆಲ್ಲಗೆ ಸರಿದುಹೋಗುತ್ತದೆ, ಬೇಗ ಗುರುತು ಹಾಕಬೇಕು. ವಾಸಂತಿ ಉಸಿರು ಬಿಗಿಹಿಡಿದು ಎರಡೇ ನಿಮಿಷದಲ್ಲಿ ಹಾಕಿದರು. ಕಲೆಯ ನಡುವಿನ ಕಪ್ಪು, ಸುತ್ತಲಿನ ಬೂದು, ಬಾಲದ ಹಾಗೆ ಹಿಂದೆ ಬರುವ ಚುಕ್ಕಿಗಳು, ಎಲ್ಲವೂ ಇದ್ದವು.

ಅಂದಿನಿಂದ ಆ ಕೆಲಸ ವಾಸಂತಿಯದಾಯಿತು. ಒಲೆಯಲ್ಲಿ ಅನ್ನಕ್ಕೆ ನೀರು ಕುದಿಯಲು ಬಿಟ್ಟು ಅವರು ಅಂಗಳಕ್ಕೆ ಬರುತ್ತಿದ್ದರು. ಅಷ್ಟು ಹೊತ್ತು ಒಲೆ ನೋಡಿಕೊಳ್ಳುತ್ತಿದ್ದವರು ಜೊತೆಯ ಅಡುಗೆಯವರಾದ ತಿಮ್ಮಕ್ಕ. ಪುಸ್ತಕದ ಮೇಲೆ ಶಾಲೆಯ ಹೆಸರಿತ್ತು, ಒಳಗೆ ದಿನಾಂಕ ಇತ್ತು. ಬಿಡಿಸಿದವರ ಹೆಸರು ಬರೆಯುವ ಜಾಗವೇ ಅದರಲ್ಲಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ವಾಸಂತಿ ಕೇಳಿದರು. "ಟೀಚರ್, ಈ ಕಲೆ ದಿನಾ ಸರಿದು ಸರಿದು ಅಂಚಿಗೆ ಹೋಗಿ ಮಾಯ ಆಗ್ತದಲ್ಲ. ಆಚೆ ಹೋದ ಮೇಲೆ ಅದು ಇರ್ತದಾ, ಸಾಯ್ತದಾ?"

"ಸೂರ್ಯ ತಿರುಗ್ತಾ ಉಂಟಲ್ಲ ವಾಸಂತಿಯಕ್ಕ. ನಮಗೆ ಕಾಣುವ ಹಾಗೆ ಒಂದು ಸುತ್ತಿಗೆ ಇಪ್ಪತ್ತೇಳು ದಿನ. ಅರ್ಧ ಈಚೆ, ಅರ್ಧ ಆಚೆ. ಕೆಲವು ಆಚೆಯೇ ಕರಗ್ತವೆ. ಕೆಲವು ಹೊಸದು ಆಚೆಯೇ ಹುಟ್ತವೆ."

"ಆಚೆದ್ದು ನೋಡ್ಲಿಕ್ಕೆ ಯಾರಿಗೂ ಆಗುದಿಲ್ವಾ?"

ಫೌಝಿಯಾ ಫೋನಿನಲ್ಲಿ ಒಂದು ನಕ್ಷೆ ತೆಗೆದು ತೋರಿಸಿದರು. ಸೂರ್ಯನ ಹಿಂಬದಿಯ ನಕ್ಷೆ. ವಿಜ್ಞಾನಿಗಳು ದಿನವೂ ತಯಾರಿಸಿ ಎಲ್ಲರಿಗೂ ಸಿಗುವಂತೆ ಇಡುವಂಥದ್ದು. ಹಳದಿ ಬಣ್ಣದ ಹರಹಿನಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಮಸುಕು.

"ಇದು ನೋಡಿ ಮಾಡಿದ್ದಲ್ಲ, ಕೇಳಿ ಮಾಡಿದ್ದು. ಕಳೆದ ವರ್ಷ ನಮ್ಮಲ್ಲಿ ನೆಲ ನಡುಗಿತಲ್ಲ, ಸುಳ್ಯ, ಸಂಪಾಜೆ ಎಲ್ಲ ಕಡೆ. ನೆನಪುಂಟಾ?"

"ನೆನಪಿಲ್ಲದೆ ಎಂತ? ಮೊದಲು ಅಡಿಯಿಂದ ಶಬ್ದ ಬಂತು, ಲೋಡು ಲಾರಿ ಹೋದ ಹಾಗೆ. ಮತ್ತೆ ಪಾತ್ರೆ ಎಲ್ಲ ಅಲುಗಾಡಿತು. ಮಕ್ಕಳನ್ನೆಲ್ಲ ಅಂಗಳದಲ್ಲಿ ಕೂರಿಸಿದ್ದು."

"ಸೂರ್ಯನ ಒಳಗೆ ಅಂಥ ಸದ್ದು ಯಾವಾಗ್ಲೂ ಉಂಟು. ಅದು ಒಳಗಿಂದಲೇ ಹೋಗಿ ಆಚೆ ಬದಿಗೆ ಬಡಿದು ಪುನಃ ಈಚೆ ಬರ್ತದೆ. ಹೋಗಿ ಬರ್ಲಿಕ್ಕೆ ಗಂಟೆಗಟ್ಟಲೆ ಹಿಡೀತದೆ. ಈ ಕಲೆ ಅಂದ್ರೆ ಅಯಸ್ಕಾಂತ ಶಕ್ತಿ ಗಟ್ಟಿಯಾಗಿ ಎದ್ದು ಬಂದ ಜಾಗ. ಅಂಥಲ್ಲಿಗೆ ಬಡಿದ ಸದ್ದು ಕೆಲವೇ ಸೆಕೆಂಡು ಬೇಗ ವಾಪಸ್ ಬರ್ತದೆ. ಈಚೆ ಬದಿ ಯಾವಾಗ, ಹೇಗೆ ನಡುಗ್ತದೆ ಅಂತ ಅಳೆದು ಅದನ್ನು ಹೇಳುದು."

ವಾಸಂತಿ ಸ್ವಲ್ಪ ಹೊತ್ತು ನಕ್ಷೆಯನ್ನೇ ನೋಡಿದರು. "ಅಂದ್ರೆ, ಮುಖ ನಡುಗುದು ನೋಡಿ ಬೆನ್ನಿನಲ್ಲಿ ಎಂತ ಉಂಟು ಅಂತ ಹೇಳುದು."

ಇಷ್ಟು ಚೊಕ್ಕವಾಗಿ ತಾನು ಯಾವ ತರಗತಿಯಲ್ಲೂ ಹೇಳಿರಲಿಲ್ಲ ಎಂದು ಫೌಝಿಯಾಗೆ ಅನಿಸಿತು.

ನಕ್ಷೆಯನ್ನು ದಿನವೂ ವಾಸಂತಿಯ ಫೋನಿಗೆ ಕಳುಹಿಸುವುದು ರೂಢಿಯಾಯಿತು. ಎಲ್ಲಿ ಒತ್ತಿದರೆ ಬರುತ್ತದೆ ಎಂದು ಕಲಿತ ಮೇಲೆ ವಾಸಂತಿಯೇ ತೆಗೆದುಕೊಳ್ಳತೊಡಗಿದರು. ಮಳೆಗಾಲದಲ್ಲಿ ವಾರಗಟ್ಟಲೆ ಪುಸ್ತಕದಲ್ಲಿ 'ಮೋಡ' ಎಂದು ಬರೆಯುವುದೇ ಆಗುತ್ತಿತ್ತು. ಆಗಲೂ ಅವರು ನಕ್ಷೆ ನೋಡುವುದನ್ನು ಬಿಡಲಿಲ್ಲ. ತೆಂಗಿನ ಗರಿಯ ಒಂದು ಕಡ್ಡಿಯನ್ನು ಫೋನಿನ ಮೇಲಿಟ್ಟು ಮಸುಕು ಅಂಚಿನಿಂದ ಎಷ್ಟು ದೂರ ಇದೆ, ದಿನಕ್ಕೆ ಎಷ್ಟು ಸರಿಯುತ್ತದೆ ಎಂದು ಅಳೆಯುತ್ತಿದ್ದರು. ಸಣ್ಣ ಕಲೆಗಳು ನಕ್ಷೆಗೆ ಸಿಗುವುದಿಲ್ಲ, ಕೆಲವು ಮಸುಕುಗಳು ಬರೀ ಗೊಂದಲ, ಎರಡು ಮೂರು ದಿನ ಒಂದೇ ಕಡೆ ಗಟ್ಟಿಯಾಗುತ್ತ ಹೋದದ್ದನ್ನು ಮಾತ್ರ ನಂಬಬೇಕು ಎಂದೆಲ್ಲ ಅವರು ತಾವಾಗಿಯೇ ಕಂಡುಕೊಂಡಿದ್ದರು.

2025ರ ಜನವರಿಯ ಒಂದು ಶುಕ್ರವಾರ ವಾಸಂತಿ ಹೇಳಿದರು. "ಬರುವ ಬುಧವಾರ ಬೆಳಿಗ್ಗೆ ದೊಡ್ಡದೊಂದು ಬರ್ತದೆ ಟೀಚರ್. ಹಳತಲ್ಲ, ಹೊಸತು. ಹಿಂದೆಯೇ ಹುಟ್ಟಿದ್ದು."

ಅದಾದ ಎರಡನೇ ದಿನ, ಭಾನುವಾರ, ಪುತ್ತೂರಿನಲ್ಲಿ ಬಳಗದ ಸಭೆ. ಹತ್ತು ನಿಮಿಷ ಮಾತಾಡಬೇಕೆಂದು ಉದಯ ಸರ್ ಫೌಝಿಯಾಗೆ ಹೇಳಿದ್ದರು. ಬಸ್ಸಿನಲ್ಲಿ ಕೂತು ಬರೆದುಕೊಂಡ ಚೀಟಿಯಲ್ಲಿ 'ನಾವು' ಎಂದೇ ಇತ್ತು. 'ನಮ್ಮ ಶಾಲೆಯ ಅಡುಗೆಯವರಾದ ವಾಸಂತಿ' ಎಂಬ ಸಾಲೂ ಇತ್ತು. ಸಭೆಯಲ್ಲಿ ಇಬ್ಬರು ಎಂಜಿನಿಯರುಗಳು, ಒಬ್ಬ ಡಾಕ್ಟರು, ಕಾಲೇಜಿನ ಮೇಷ್ಟ್ರುಗಳು ಇದ್ದರು. ಎದ್ದು ನಿಂತ ಫೌಝಿಯಾ ಚೀಟಿ ನೋಡದೆ ಮಾತಾಡಿದರು. "ನಾನು ಎರಡು ವರ್ಷದಿಂದ ನೋಡ್ತಾ ಇದ್ದೇನೆ. ಬುಧವಾರ ಒಂದು ದೊಡ್ಡ ಗುಂಪು ಈಚೆ ಬರ್ತದೆ" ಎಂಬ ಮಾತು ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ತಿದ್ದಬಹುದಿತ್ತು. ಒಂದು ಕ್ಷಣ ಕಾದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವರು ಕೂತರು.

ಬುಧವಾರ ಬೆಳಿಗ್ಗೆ ರಟ್ಟಿನ ಮೇಲೆ ಬಿದ್ದ ಬಿಂಬದ ಅಂಚಿನಲ್ಲಿ ಒತ್ತಿದ ಉಗುರಿನ ಗುರುತಿನ ಹಾಗೆ ಒಂದು ಕಪ್ಪು ಗೆರೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಅದರ ಹಿಂದೆ ಇನ್ನೆರಡು. ವಾಸಂತಿ ಬಿಡಿಸುತ್ತಲೇ ಮಕ್ಕಳ ಹಾಗೆ ನಕ್ಕರು. ಫೌಝಿಯಾ ನಗಲಿಲ್ಲ. ಉದಯ ಸರ್ ಫೋನು ಮಾಡಿ, "ಭಾರೀ ಮಾಡಿದ್ರಿ ಮಾರಾಯ್ರೆ! ವಿಜ್ಞಾನಿಗಳೂ ಹೇಳಿದ್ರು, ಆದ್ರೆ ಒಂದು ಹಳ್ಳಿ ಶಾಲೆಯಲ್ಲಿ ಕೂತು ಕಡ್ಡಿ ಹಿಡಿದು ಹೇಳುದು ಬೇರೆಯೇ" ಎಂದರು. ಅವರೇ ಪತ್ರಿಕೆಯವರಿಗೂ ಹೇಳಿದ್ದರು.

ಗುರುವಾರ ವರದಿಗಾರ ಬಂದ. ಫೌಝಿಯಾ ಪುಸ್ತಕ ಹಿಡಿದು ದೂರದರ್ಶಕದ ಪಕ್ಕ ನಿಂತರು. ಫೋಟೊ ಆದ ಮೇಲೆ ಅವನು ಸ್ಟಾಫ್ ರೂಮಿನಲ್ಲಿ ಕೂತು ಪುಟ ತಿರುಗಿಸಿ ನೋಡಿ, "ಇದೆಲ್ಲ ನೀವೇ ಬಿಡಿಸಿದ್ದಾ ಮೇಡಂ? ಪ್ರಿಂಟ್ ಹೊಡೆದ ಹಾಗೆ ಉಂಟು" ಎಂದು ಕೇಳಿದ.

"ಹೌದು, ಇಲ್ಲೇ, ಶಾಲೆಯಲ್ಲೇ" ಎಂದರು ಫೌಝಿಯಾ.

ಅದೇ ಹೊತ್ತಿಗೆ ವಾಸಂತಿ ಚಹಾ ತಂದಿದ್ದರು. ಬಾಗಿಲ ಹತ್ತಿರ ಅರೆಗಳಿಗೆ ನಿಂತರು. ಆಮೇಲೆ ಲೋಟವನ್ನು ವರದಿಗಾರನ ಮುಂದಿಟ್ಟು, "ಸಕ್ಕರೆ ಸಾಕಾ ನೋಡಿ" ಎಂದು ಹೇಳಿ ಹೋದರು.

ಶನಿವಾರ ಪತ್ರಿಕೆಯಲ್ಲಿ ಫೋಟೊ ಬಂತು. ಸೂರ್ಯನ ಬೆನ್ನು ಓದಿದ ಶಿಕ್ಷಕಿ ಎಂದು ತಲೆಬರಹ. ಪುತ್ತೂರಿನಲ್ಲಿ ಫೌಝಿಯಾರ ತಾಯಿ ರುಖಿಯಮ್ಮ ಅದನ್ನು ಕತ್ತರಿಸಿ ಚೌಕಟ್ಟು ಹಾಕಿಸಿ ಚಾವಡಿಯಲ್ಲಿ ನೇತುಹಾಕಿದರು. ಮೂವತ್ತು ವರ್ಷ ಬೀಡಿ ಕಟ್ಟಿ ಮಗಳನ್ನು ಓದಿಸಿದವರು ರುಖಿಯಮ್ಮ. ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಅಮ್ಮನ ಮನೆಗೆ ಹೋದಾಗ ಫೌಝಿಯಾ ಆ ಗೋಡೆಗೆ ಬೆನ್ನು ಹಾಕಿ ಕೂರತೊಡಗಿದರು.

ಸೋಮವಾರ ಒಂಬತ್ತೂವರೆಗೆ ವಾಸಂತಿ ಅಂಗಳಕ್ಕೆ ಬರಲಿಲ್ಲ. ಫೌಝಿಯಾ ಅಡುಗೆ ಕೋಣೆಗೆ ಹೋಗಿ, "ವಾಸಂತಿಯಕ್ಕ, ಬಿಸಿಲು ಬಂತು" ಎಂದರು.

"ಅಡುಗೆಗೆ ತಡ ಆಗ್ತದೆ ಟೀಚರ್" ಎಂದು ಅವರು ಸೊಪ್ಪು ಹೆಚ್ಚುತ್ತಲೇ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಾನು ಅಲ್ಲೇ ಕ್ಷಮೆ ಕೇಳುತ್ತಿದ್ದೆ ಎಂದು ಫೌಝಿಯಾ ಎಷ್ಟೋ ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡರು. ಅದು ನಿಜವಲ್ಲ ಎಂದು ಅವರಿಗೆ ಗೊತ್ತಿತ್ತು. ಪುಸ್ತಕದಲ್ಲಿ ಮತ್ತೆ ಸಾಸಿವೆ ಕಾಳುಗಳು ಬಂದವು. ಎರಡು ವಾರ ಕಳೆದ ಮೇಲೆ ಅವೂ ನಿಂತವು. ಬಳಗದವರು ಕೇಳಿದಾಗ ಪರೀಕ್ಷೆಯ ಗಡಿಬಿಡಿ ಎಂದರು.

ಇಷ್ಟಕ್ಕೇ ಮುಗಿದಿದ್ದರೆ ಒಂದು ಸಣ್ಣತನ ಎಂದು ಕಾಲ ಕಳೆದಂತೆ ಮರೆತುಹೋಗುತ್ತಿತ್ತೋ ಏನೋ. ಜೂನಿನಲ್ಲಿ ಶಾಲೆ ಸುರುವಾದಾಗ ಮಕ್ಕಳ ಸಂಖ್ಯೆ ಇಳಿದಿತ್ತು. ನಿಯಮದ ಪ್ರಕಾರ ಇಬ್ಬರು ಅಡುಗೆಯವರಲ್ಲಿ ಒಬ್ಬರನ್ನೇ ಇಟ್ಟುಕೊಳ್ಳಬಹುದು. ಯಾರನ್ನು ಎಂದು ತೀರ್ಮಾನಿಸಲು ಶಾಲಾ ಸಮಿತಿ ಸೇರಿತು. ಶಿಕ್ಷಕರ ಪರವಾಗಿ ಫೌಝಿಯಾ ಕೂತಿದ್ದರು.

ಸದಸ್ಯರೊಬ್ಬರು ಹೇಳಿದರು. "ವಾಸಂತಿ ಬೆಳಿಗ್ಗೆ ಒಲೆ ಬಿಟ್ಟು ಅಂಗಳದಲ್ಲಿ ಆ ಟೆಲಿಸ್ಕೋಪ್ ಹತ್ತಿರ ನಿಂತುಕೊಂಡಿರುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ತಿಮ್ಮಕ್ಕ ಒಬ್ಬರೇ ಒದ್ದಾಡುದು. ಅವರಿಗೆ ಅಲ್ಲಿ ಎಂತ ಕೆಲಸ?"

ಮುಖ್ಯೋಪಾಧ್ಯಾಯರು ಫೌಝಿಯಾರ ಕಡೆ ತಿರುಗಿದರು. "ಎಂತ ಟೀಚರ್? ನಿಮಗೆ ಗೊತ್ತಿರಬೇಕಲ್ಲ."

ನನ್ನ ಕೆಲಸ ಮಾಡುತ್ತಿದ್ದರು ಎಂದು ಹೇಳಬೇಕಿತ್ತು. ಪತ್ರಿಕೆಯಲ್ಲಿ ಬಂದದ್ದು ಅವರ ಕೆಲಸ ಎಂದು ಹೇಳಬೇಕಿತ್ತು. ಎದುರಿನ ಗೋಡೆಯಲ್ಲಿ ಅದೇ ಪತ್ರಿಕೆಯ ತುಣುಕನ್ನು ಶಾಲೆಯವರೂ ಅಂಟಿಸಿದ್ದರು. ಫೌಝಿಯಾ, "ಕೆಲವು ಸಲ ಬರ್ತಾ ಇದ್ರು, ನೋಡ್ಲಿಕ್ಕೆ" ಎಂದರು. ಅಷ್ಟೇ ಹೇಳಿದ್ದು.

ವಾಸಂತಿಯ ಕೆಲಸ ಹೋಯಿತು. ಹೋಗುವ ದಿನ ಅವರು ಅಡುಗೆ ಕೋಣೆಯ ಪಾತ್ರೆಗಳನ್ನೆಲ್ಲ ತಿಕ್ಕಿ ಕವುಚಿಟ್ಟು, ತಿಮ್ಮಕ್ಕನಿಗೆ ಬೀಗದ ಕೈ ಕೊಟ್ಟು, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಬರ್ತೇನೆ" ಎಂದು ಎಲ್ಲರಿಗೂ ಒಟ್ಟಿಗೆ ಹೇಳಿದರು.

ಆ ಮಳೆಗಾಲ ಫೌಝಿಯಾಗೆ ಊಟ ಸೇರಲಿಲ್ಲ. ಶಾಲೆಯಲ್ಲಿ ಮಕ್ಕಳ ಜೊತೆ ಬಿಸಿಯೂಟ ಮಾಡುತ್ತಿದ್ದವರು ಬುತ್ತಿ ತರತೊಡಗಿದರು. ನಮಾಜಿಗೆ ಕೂತರೆ ಮನಸ್ಸು ಎಲ್ಲೋ ಹೋಗುತ್ತಿತ್ತು. ಸುಳ್ಯದಲ್ಲಿ ಟೈರ್ ಅಂಗಡಿ ಇಟ್ಟಿದ್ದ ಗಂಡ ಹಿಶಾಮ್ ಶುಗರ್ ಟೆಸ್ಟ್ ಮಾಡಿಸುವ ಎಂದ. ತೂಕ ಇಳಿದದ್ದಕ್ಕೆ ಕಾರಣ ಅವನಿಗೂ ಹೇಳಲಿಲ್ಲ.

ಆಗಸ್ಟಿನಲ್ಲಿ ಒಂದು ದಿನ ಅಮ್ಮನ ಮನೆಯಲ್ಲಿ ನೆರೆಯ ಕದೀಜಮ್ಮ ಚೌಕಟ್ಟು ನೋಡುತ್ತ, "ನಿನ್ನ ಮಗಳು ಭಾರೀ ಹುಷಾರು ರುಖಿಯಾ" ಎಂದರು. ಫೌಝಿಯಾ ಎದ್ದು ಹೋಗಿ ಅದನ್ನು ಗೋಡೆಯಿಂದ ಇಳಿಸಿದರು. ಕದೀಜಮ್ಮ ಹೋದ ಮೇಲೆ ಅಮ್ಮನಿಗೆ ಎಲ್ಲವನ್ನೂ ಹೇಳಿದರು. 

ರುಖಿಯಮ್ಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಕೇಳಿದ್ದು ಒಂದೇ. ಆ ಹೆಂಗಸಿನ ಮನೆಗೆ ಹೋದೆಯಾ?

"ಇಲ್ಲ."

"ಮತ್ತೆ ನನ್ನ ಹತ್ತಿರ ಎಂತಕ್ಕೆ ಹೇಳುದು?"

ಮರುದಿನ ಫೌಝಿಯಾ ಕಲ್ಲುಗುಂಡಿಯಲ್ಲಿ ಇಳಿದು ವಾಸಂತಿಯ ಮನೆಗೆ ನಡೆದೇ ಹೋದರು. ವಾಸಂತಿ ಜಗಲಿಯಲ್ಲಿ, ಹಾಲು ಹೆಪ್ಪುಗಟ್ಟಿಸಿ ಮಾಡಿದ ರಬ್ಬರ್ ಶೀಟ್ ಒಣಗಲು ಹಾಕುತ್ತಿದ್ದರು. ಗಂಡನ ಜೊತೆ ಪುನಃ ಟ್ಯಾಪಿಂಗಿಗೆ ಹೋಗುತ್ತಿದ್ದರಂತೆ. ಕೂರಲು ಮಣೆ ಕೊಟ್ಟರು, ನೀರು ಕೊಟ್ಟರು. ಫೌಝಿಯಾ ನೀರು ಮುಟ್ಟದೆ ಎಲ್ಲವನ್ನೂ ಹೇಳಿದರು. ಪುತ್ತೂರಿನ ಸಭೆ, ಚೀಟಿಯಲ್ಲಿದ್ದ ಸಾಲು, ವರದಿಗಾರ, ಸಮಿತಿ, ತಾನು ಅಲ್ಲಿ ಆಡಿದ ಮಾತು.

ವಾಸಂತಿ ಕೈ ಒರೆಸಿಕೊಂಡು ಎದುರು ಕೂತರು. "ಪೇಪರಿನದ್ದು ನನಗೆ ಗೊತ್ತುಂಟಲ್ಲ ಟೀಚರ್, ನಾನು ಅಲ್ಲೇ ಇದ್ದೆ. ಕಮಿಟಿಯದ್ದು ಗೊತ್ತಿರ್ಲಿಲ್ಲ. ನೋಡ್ಲಿಕ್ಕೆ ಬರ್ತಾ ಇದ್ರು ಅಂತ ಹೇಳಿದ್ರಾ ನೀವು?"

"ಹೌದು."

"ನೋಡ್ಲಿಕ್ಕೆ" ಎಂದು ವಾಸಂತಿ ಆ ಪದವನ್ನೇ ಇನ್ನೊಮ್ಮೆ ಹೇಳಿದರು.

"ನಾನು ಪೇಪರಿಗೆ ಬರೀತೇನೆ ವಾಸಂತಿಯಕ್ಕ. ಶಿಕ್ಷಣ ಇಲಾಖೆಗೂ, ಕಮಿಟಿಗೂ ಬರೀತೇನೆ. ನನ್ನನ್ನು..."

"ಬರೆಯಿರಿ. ಬೇಡ ಅಂತ ನಾನು ಹೇಳುದಿಲ್ಲ. ನಾನು ಬೇಡ ಅಂತ ಹೇಳ್ಲಿ ಅಂತ ನೀವು ಬಂದದ್ದಾದ್ರೆ, ಇಲ್ಲ. ಬರೆಯಿರಿ." ಸ್ವಲ್ಪ ತಡೆದು, "ಕ್ಷಮಿಸಿದೆ ಅಂತ ಬಾಯಲ್ಲಿ ಹೇಳ್ಲಿಕ್ಕೆ ನನಗೆ ಆಗುದಿಲ್ಲ ಈಗ. ನೀರು ಕುಡಿಯಿರಿ" ಎಂದರು.

ಅವರು ಬೇಡ ಎಂದು ಹೇಳಲಿ ಎಂದೇ ತಾನು ಹೋಗಿದ್ದೆನೇ? ವಾಪಸ್ ಬರುವಾಗ ಬಸ್ಸಿನಲ್ಲಿ ಫೌಝಿಯಾಗೆ ಈ ಪ್ರಶ್ನೆ ಬಿಡಲಿಲ್ಲ. ಸ್ವಲ್ಪ ಹೌದು ಎಂದೇ ಉತ್ತರ ಬರುತ್ತಿತ್ತು.

ಫೌಝಿಯಾ ಬರೆದರು, ಉದಯ ಸರ್‌ಗೂ ಬರೆದರು. ಪತ್ರಿಕೆ ಒಳಪುಟದಲ್ಲಿ ಬೆರಳುದ್ದದ ಒಂದು ಸ್ಪಷ್ಟನೆ ಹಾಕಿತು. ಫೋಟೊ ಇರಲಿಲ್ಲ. ಹೆಚ್ಚಿನವರು ಅದನ್ನು ಓದಲೇ ಇಲ್ಲ. ಇಲಾಖೆಯಿಂದ ವಿವರಣೆ ಕೇಳಿ ಪತ್ರ ಬಂತು. ಸಮಿತಿಯ ಸಭೆಯಲ್ಲಿ ಫೌಝಿಯಾ ಎದ್ದು ನಿಂತು ಎಲ್ಲ ಹೇಳಿದಾಗ ಮುಖ್ಯೋಪಾಧ್ಯಾಯರು, "ಎಂತ ಮಾರಾಯ್ರೆ, ಅವತ್ತು ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ" ಎಂದರು. ಬಯ್ದಿದ್ದರೆ ಹಗುರವಾಗುತ್ತಿತ್ತು. ವಾಸಂತಿಯನ್ನು ಪುನಃ ಕರೆಯುವ ಮಾತು ಬಂತು. ಕರೆದರೆ ತಿಮ್ಮಕ್ಕ ಹೋಗಬೇಕು. ಹೇಳಿ ಕಳುಹಿಸಿದಾಗ ವಾಸಂತಿ, "ತಿಮ್ಮಕ್ಕನನ್ನು ಎಬ್ಬಿಸಿ ಅಲ್ಲಿ ನಾನು ಕೂರುದಿಲ್ಲ" ಎಂದರಂತೆ. ಹಾಗಾಗಿ ಆ ಕೆಲಸ ಹೋದದ್ದು ಹೋದಂತೆಯೇ ಉಳಿಯಿತು.

ಉದಯ ಸರ್ ಮಾತ್ರ ಸುಮ್ಮನೆ ಕೂರಲಿಲ್ಲ. ಫೌಝಿಯಾರ ಪತ್ರ ಓದಿದ ವಾರವೇ ಬಳಗದ ಇನ್ನೊಂದು ದೂರದರ್ಶಕ ಹಿಡಿದು ತಾವೇ ಕಲ್ಲುಗುಂಡಿಗೆ ಹೋದರು. ಮಳೆ ಬಿಟ್ಟ ಮೇಲೆ ವಾಸಂತಿ ಮನೆಯಂಗಳದಲ್ಲಿ ಬಿಡಿಸತೊಡಗಿದರು, ಟ್ಯಾಪಿಂಗ್ ಮುಗಿಸಿ ಬಂದ ಮೇಲೆ. ಪ್ರತಿ ಚಿತ್ರದ ಕೆಳಗೂ 'ವಾಸಂತಿ, ಕಲ್ಲುಗುಂಡಿ' ಎಂದು ಸಹಿ. ನವೆಂಬರಿನಲ್ಲಿ ಪುತ್ತೂರಿನ ಸಭೆಯಲ್ಲಿ ಅವರೇ ನಿಂತು ಮಾತಾಡಿದರು. ಕೊನೆಯ ಸಾಲಿನಲ್ಲಿ ಕೂತಿದ್ದ ಫೌಝಿಯಾ ತಲೆ ಎತ್ತಿರಲಿಲ್ಲ. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಡಾಕ್ಟರು ಕೇಳಿದರು.

"ಫೌಝಿಯಾ ಟೀಚರ್ ಹೇಳಿಕೊಟ್ಟದ್ದು. ಆಚೆ ಬದಿಯ ಸದ್ದಿನ ಸಂಗತಿ ಅವರೇ ನನಗೆ ಅರ್ಥ ಮಾಡಿಸಿದ್ದು" ಎಂದರು ವಾಸಂತಿ.

ಅದು ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮಾತು, ಅಷ್ಟೇ. ಹೆಸರು ಹೇಳಲು ಅವರಿಗೆ ಎಷ್ಟು ಕಡಿಮೆ ಹೊತ್ತು ಸಾಕಾಯಿತು ಎಂದು ಫೌಝಿಯಾ ನೋಡಿದರು. ಆ ದಿನ ಅವರು ಯಾರ ಜೊತೆಗೂ ಮಾತಾಡದೆ ಸಭೆಯಿಂದ ಹೊರಟುಬಿಟ್ಟರು.

ಆಮೇಲೆ ಎರಡು ತಿಂಗಳು ಅವರಿಬ್ಬರ ನಡುವೆ ಮಾತಿರಲಿಲ್ಲ. ಬಳಗದ ವಾಟ್ಸಾಪ್ ಗುಂಪಿನಲ್ಲಿ ದಿನವೂ ಬರುವ ಚಿತ್ರವನ್ನು ಫೌಝಿಯಾ ತೆರೆದು ನೋಡುತ್ತಿದ್ದರು, ಏನೂ ಬರೆಯುತ್ತಿರಲಿಲ್ಲ. ಹೊಗಳುವ ಅರ್ಹತೆಯೂ ತನಗಿಲ್ಲ ಎಂದೇ ಅವರಿಗೆ ಅನಿಸುತ್ತಿತ್ತು.

ಮೊನ್ನೆ ಜನವರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು. ವಾಸಂತಿಯ ಹೆಸರು ನೋಡಿ ಫೌಝಿಯಾ ಕೂಡಲೇ ಎತ್ತಿದರು.

"ಟೀಚರ್, ಇವತ್ತಿನ ನಕ್ಷೆ ನೋಡಿದ್ರಾ? ನಾಲ್ಕು ದಿನ ಗಟ್ಟಿ ಇದ್ದ ಮಸುಕು ಇವತ್ತು ಕಾಣುದಿಲ್ಲ. ನಿನ್ನೆಯಷ್ಟೇ ಉದಯ ಸರ್‌ಗೆ ಬರ್ತದೆ ಅಂತ ಹೇಳಿಬಿಟ್ಟೆ ನಾನು. ಕರಗಿತಾ, ಅಥವಾ ನಕ್ಷೆಯೇ ಸರಿ ಇಲ್ವಾ?"

ಫೌಝಿಯಾ ನಕ್ಷೆ ತೆಗೆದರು. ಅಂಚಿಗೆ ತೀರಾ ಹತ್ತಿರ ಬಂದಾಗ ಸದ್ದಿನ ಲೆಕ್ಕ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಮಸುಕು ತೆಳ್ಳಗಾಗುತ್ತದೆ ಎಂದು ಎಲ್ಲೋ ಓದಿದ ನೆನಪಿತ್ತು. ಅದನ್ನು ಹೇಳಿದರು. ಖಂಡಿತ ಹೌದು ಎಂದು ತನಗೆ ಗೊತ್ತಿಲ್ಲ ಎಂದೂ ಹೇಳಿದರು. ಹಳೆಯ ನಕ್ಷೆಗಳಲ್ಲಿ ಹೀಗೆ ಆದದ್ದುಂಟೇ ಎಂದು ವಾಸಂತಿ ಕೇಳಿದರು. ಇಬ್ಬರೂ ಒಂದೊಂದೇ ದಿನಾಂಕ ಹಿಡಿದು ಹುಡುಕಿದರು. ಮೂರು ಸಿಕ್ಕಿದವು. ಎರಡರಲ್ಲಿ ಕಲೆ ಈಚೆ ಬಂದಿತ್ತು, ಒಂದರಲ್ಲಿ ಇಲ್ಲ.

"ಹಾಗಾದ್ರೆ ಕಾದು ನೋಡುದೇ" ಎಂದರು ವಾಸಂತಿ.

"ನಾನೂ ನಾಳೆ ಬೆಳಿಗ್ಗೆ ಶಾಲೆಯಲ್ಲಿ ಬಿಂಬ ಬೀಳಿಸಿ ನೋಡ್ತೇನೆ" ಎಂದರು ಫೌಝಿಯಾ. ಬೇರೆ ಏನೋ ಹೇಳಬೇಕೆಂದು ಬಾಯಿ ತೆರೆದರು.

"ಇಡ್ತೇನೆ ಟೀಚರ್, ಶೀಟ್ ಒಣಗ್ಲಿಕ್ಕೆ ಹಾಕಿದ್ದೇನೆ, ಮಗುಚಬೇಕು" ಎಂದು ವಾಸಂತಿ ಫೋನು ಇಟ್ಟರು.